ಗುಮ್ಮನಿಂದ ನಾಗವಲ್ಲಿಯವರೆಗೆ

ಕನ್ನಡದ ಮನೆಗಳಲ್ಲಿ ಮಕ್ಕಳು ಕೇಳುವ ಮೊದಲ ಭಯದ ಕಥೆಗೆ ಪುಸ್ತಕವಿಲ್ಲ, ಪರದೆಯಿಲ್ಲ, ನಿಜ ಹೇಳಬೇಕೆಂದರೆ ಕಥೆಯೂ ಇಲ್ಲ. ಇರುವುದು ಒಂದೇ ಪದ: ಗುಮ್ಮ. ತುತ್ತು ನುಂಗದ, ಮಲಗಲು ಒಪ್ಪದ ಮಗುವಿಗೆ ಅಮ್ಮನೋ ಅಜ್ಜಿಯೋ ಬಾಗಿಲ ಕಡೆ ಕೈ ತೋರಿಸಿ ಆ ಹೆಸರು ಹೇಳಿದರೆ ಸಾಕು. ಗುಮ್ಮನಿಗೆ ಎಷ್ಟು ಕಣ್ಣು, ಕೋರೆಹಲ್ಲು ಇದೆಯೋ ಇಲ್ಲವೋ, ಅವನ ವಾಸ ಎಲ್ಲಿ ಎಂದು ಯಾವ ಅಜ್ಜಿಯೂ ವಿವರಿಸಲು ಹೋಗುವುದಿಲ್ಲ. ಪುರಂದರದಾಸರ ಪ್ರಸಿದ್ಧ ಹಾಡೊಂದರಲ್ಲಿ ಲೋಕವನ್ನೇ ಕಾಯುವ ಬಾಲಕೃಷ್ಣ ಕೂಡ ಗುಮ್ಮನನ್ನು ಕರೆಯಬೇಡವೆಂದು ತಾಯಿಯ ಮುಂದೆ ಅಂಗಲಾಚುತ್ತಾನೆ.

ಹೆದರಿಸುವ ಕಥೆಯ ಅರ್ಧ ಗುಟ್ಟು ಇಲ್ಲೇ ಇದೆ. ಗುಮ್ಮನನ್ನು ಯಾರೂ ತೋರಿಸುವುದಿಲ್ಲ, ಮಗು ತಾನೇ ಕಲ್ಪಿಸಿಕೊಳ್ಳುತ್ತದೆ. ಜೊತೆಗೆ ಅವನು ಬರುವುದು ದೂರದ ಮಸಣದಿಂದಲ್ಲ, ದಿನವೂ ನಾವು ದಾಟುವ ಹೊಸ್ತಿಲಿನ ಆಚೆಯಿಂದ. ಅವನನ್ನು ಕರೆಯುವವಳೂ ಮಗು ಅತ್ಯಂತ ನಂಬುವ ಹೆಂಗಸು. ಭಯ ಮತ್ತು ಅಭಯ ಎರಡೂ ಒಂದೇ ಮಡಿಲಿನಲ್ಲಿರುವುದರಿಂದಲೇ ಮಗು ಹೆದರುತ್ತಲೇ ಇನ್ನೊಮ್ಮೆ ಹೇಳು ಎನ್ನುತ್ತದೆ.

ಇನ್ನರ್ಧ ಗುಟ್ಟೇನು? ಇಷ್ಟೊಂದು ದೆವ್ವದ ಕಾದಂಬರಿಗಳು, ಚಿತ್ರಗಳು ಬಂದು ಹೋದವು. ಹೆಚ್ಚಿನವು ಮರೆತೂ ಹೋದವು. ಕೆಲವು ಮಾತ್ರ ಹತ್ತಿಪ್ಪತ್ತು ವರ್ಷ ಕಳೆದರೂ ಒಂಟಿಯಾಗಿದ್ದಾಗ ನೆನಪಾಗುತ್ತವೆ. ಹಾಗೆ ಉಳಿದ ಕಥೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ದೆವ್ವಕ್ಕಿಂತ ಮೊದಲು ಒಂದು ಅನ್ಯಾಯವಿರುತ್ತದೆ. ಬಹಳ ಸಲ ಆ ಅನ್ಯಾಯ ಒಬ್ಬ ಹೆಣ್ಣಿಗೆ ಆಗಿರುತ್ತದೆ, ಮತ್ತು ಅದನ್ನು ಯಾರೂ ಕೇಳಿಸಿಕೊಂಡಿರುವುದಿಲ್ಲ.

ಸಾವಿರ ವರ್ಷದ ಹಿಂದಿನ ನರಿ

ಕನ್ನಡದ ಅತ್ಯಂತ ಹಳೆಯ ಗದ್ಯಕೃತಿಗಳಲ್ಲಿ ಒಂದಾದ ‘ವಡ್ಡಾರಾಧನೆ’ ಸುಮಾರು ಹತ್ತನೆಯ ಶತಮಾನದ್ದು, ಶಿವಕೋಟ್ಯಾಚಾರ್ಯನದು ಎಂದು ಹೇಳಲಾಗುವ ಹತ್ತೊಂಬತ್ತು ಕಥೆಗಳ ಸಂಗ್ರಹ. ಅದರ ಮೊದಲ ಕಥೆ ಸುಕುಮಾರಸ್ವಾಮಿಯದು. ಹೂವಿನಂತೆ ಬೆಳೆದ ಸುಕುಮಾರ ವೈರಾಗ್ಯ ತಾಳಿ ಕಾಡಿಗೆ ಹೋಗಿ ಅಲುಗಾಡದೆ ತಪಸ್ಸಿಗೆ ನಿಲ್ಲುತ್ತಾನೆ. ಅಲ್ಲಿಗೆ ಒಂದು ಹೆಣ್ಣುನರಿ ತನ್ನ ಮರಿಗಳೊಂದಿಗೆ ಬಂದು ಅವನನ್ನು ಕಾಲಿನಿಂದ ತಿನ್ನಲು ತೊಡಗುತ್ತದೆ. ಅವನು ಕದಲುವುದಿಲ್ಲ. ಇಂದಿನ ಯಾವ ಭಯಾನಕ ಚಿತ್ರಕ್ಕೂ ಕಡಿಮೆಯಿಲ್ಲದ ದೃಶ್ಯ ಇದು.

ಆದರೆ ಕಥೆ ನಮ್ಮನ್ನು ಹಿಡಿದಿಡುವುದು ರಕ್ತದಿಂದಲ್ಲ. ನರಿ ಕಾಲಿನಿಂದಲೇ ಏಕೆ ಶುರು ಮಾಡಿತು? ಹಿಂದಿನ ಜನ್ಮದಲ್ಲಿ ಅವನು ವಾಯುಭೂತಿ. ಬುದ್ಧಿಮಾತು ಹೇಳಿದ ಅಣ್ಣನ ಹೆಂಡತಿಯನ್ನು ಸಿಟ್ಟಿನಿಂದ ಒದ್ದವನು. ಒದೆಸಿಕೊಂಡ ಆಕೆ ಆ ದಿನ ಏನೂ ಮಾಡಲಾಗಲಿಲ್ಲ. ಒದ್ದ ಕಾಲನ್ನು ಮಕ್ಕಳೊಂದಿಗೆ ತಿನ್ನುವೆನೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಜನ್ಮಗಳು ಕಳೆದವು, ಗಂಟು ಸಡಿಲವಾಗಲಿಲ್ಲ. ಜೈನಕಥೆಯ ಗುರಿ ಕರ್ಮದ ಪಾಠ, ಸುಕುಮಾರನ ಸಹನೆಯ ಹಿರಿಮೆ. ಅದು ಸರಿಯೇ. ಆದರೆ ಓದಿ ಮುಗಿಸಿದ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಆ ಅತ್ತಿಗೆಯೂ ಉಳಿಯುತ್ತಾಳೆ. ಮನೆಯೊಳಗೆ ಬಿದ್ದ ಒಂದು ಒದೆ, ಯಾರೂ ಲೆಕ್ಕಕ್ಕಿಡದ ಒದೆ, ಹಿಂತಿರುಗಿ ಬಂದಿದೆ.

1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಭಯ ಇನ್ನೂ ಸೂಕ್ಷ್ಮ. ಪ್ರಾಣಿಬಲಿ ಬೇಕೆಂಬ ತಾಯಿಯ ಒತ್ತಾಯಕ್ಕೂ ಹಿಂಸೆ ಬೇಡವೆಂಬ ತನ್ನ ಮನಸ್ಸಿಗೂ ನಡುವೆ ರಾಜ ಒಂದು ಉಪಾಯ ಹುಡುಕುತ್ತಾನೆ: ಹಿಟ್ಟಿನ ಕೋಳಿ ಮಾಡಿ ಕಡಿಯುವುದು. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಮೈ ಜುಮ್ಮೆನ್ನುವುದು ಆ ಕೂಗಿನ ಸದ್ದಿಗಲ್ಲ. ಸುಳ್ಳುಬಲಿ ಎಂದು ನಾವು ನಮ್ಮನ್ನು ಸಮಾಧಾನಪಡಿಸಿಕೊಂಡದ್ದು ಸುಳ್ಳಲ್ಲ ಎಂದು ಗೊತ್ತಾಗುವುದಕ್ಕೆ. ಎಂಟು ಶತಮಾನದ ಬಳಿಕವೂ ಗಿರೀಶ ಕಾರ್ನಾಡರು ಅದೇ ಕೋಳಿಯನ್ನು ಹಿಡಿದು ‘ಹಿಟ್ಟಿನ ಹುಂಜ’ ನಾಟಕ ಬರೆದರು.

ಕಲ್ಲುರ್ಟಿಯ ಕೂಗು

ಕರಾವಳಿಯ ತುಳುನಾಡಿನಲ್ಲಿ ಈ ಮಾತು ಕಥೆಯ ಮಟ್ಟ ದಾಟಿ ಆರಾಧನೆಯೇ ಆಗಿದೆ. ಅಲ್ಲಿನ ಭೂತ ಎಂದರೆ ಸಿನಿಮಾದ ದೆವ್ವವಲ್ಲ. ಊರು ಕಾಯುವ, ಕೋಲದಲ್ಲಿ ಮಾತಾಡುವ, ನ್ಯಾಯ ಹೇಳುವ ದೈವ. ಆದರೆ ಪಾಡ್ದನಗಳನ್ನು ಕೇಳಿದರೆ ಹಲವು ದೈವಗಳು ಒಂದು ಕಾಲದಲ್ಲಿ ಅನ್ಯಾಯಕ್ಕೆ ಸಿಕ್ಕ ಮನುಷ್ಯರೇ. ಶಿಲ್ಪಿ ಕಲ್ಕುಡ ಕಾರ್ಕಳದ ಗೊಮ್ಮಟನನ್ನು ಕೆತ್ತಿದ. ಅಂಥದ್ದು ಬೇರೆಲ್ಲೂ ಆಗಬಾರದೆಂದು ಅರಸ ಅವನ ಕೈಕಾಲು ಕಡಿಸಿದ. ಅಣ್ಣನ ಸ್ಥಿತಿ ಕಂಡ ತಂಗಿ ಕಲ್ಲುರ್ಟಿ ಅವನೊಂದಿಗೆ ಮಾಯವಾಗಿ, ಇಬ್ಬರೂ ದೈವಗಳಾಗಿ ಅರಸನ ಮೇಲೆ ಸೇಡು ತೀರಿಸಿಕೊಂಡರು ಎಂದು ಪಾಡ್ದನ ಹೇಳುತ್ತದೆ.

2022ರ ‘ಕಾಂತಾರ’ ನೋಡಲು ಭಾಷೆ ಗೊತ್ತಿಲ್ಲದವರೂ ಚಿತ್ರಮಂದಿರಕ್ಕೆ ಹೋದರಲ್ಲ, ಅವರನ್ನು ನಡುಗಿಸಿದ್ದು ಬಣ್ಣ, ದೀವಟಿಗೆ, ಎದೆ ಸೀಳುವ ಆ ಕೂಗು ಎಂದು ಸುಲಭವಾಗಿ ಹೇಳಬಹುದು. ಆದರೆ ಕೂಗಿನ ಹಿಂದೆ ಜಮೀನಿನ ಪ್ರಶ್ನೆಯಿತ್ತು, ಕೊಟ್ಟ ಮಾತು ಮುರಿದ ದೊಡ್ಡಮನೆಯಿತ್ತು. ಅದಿಲ್ಲದೆ ಬರೀ ಕೂಗು ಇದ್ದಿದ್ದರೆ ಇಷ್ಟು ದಿನ ಕಿವಿಯಲ್ಲಿ ಉಳಿಯುತ್ತಿರಲಿಲ್ಲ.

ತ್ರಿವೇಣಿ ತೆರೆದ ಬಾಗಿಲು

ಇಪ್ಪತ್ತನೆಯ ಶತಮಾನದ ನಡುವೆ ಒಂದು ದೊಡ್ಡ ತಿರುವು ಬಂತು. ಅದುವರೆಗೆ ಹಳ್ಳಿಯಲ್ಲಾಗಲಿ ಪೇಟೆಯಲ್ಲಾಗಲಿ ಒಬ್ಬ ಹೆಣ್ಣು ಇದ್ದಕ್ಕಿದ್ದಂತೆ ನಕ್ಕರೆ, ಕೂಗಿದರೆ, ಮಗುವನ್ನು ದೂರ ತಳ್ಳಿದರೆ ಮನೆಯವರ ಬಾಯಲ್ಲಿ ಬರುತ್ತಿದ್ದ ಮಾತು ಒಂದೇ: ಮೈಮೇಲೆ ಏನೋ ಬಂದಿದೆ. ಬೇವಿನ ಸೊಪ್ಪು, ಬೆತ್ತ, ಮೆಣಸಿನಕಾಯಿ ಹೊಗೆ ಎಲ್ಲವೂ ಆ ಒಂದು ಮಾತಿನ ಹಿಂದೆಯೇ ಬರುತ್ತಿದ್ದವು. ಮನಃಶಾಸ್ತ್ರ ಓದಿದ್ದ ತ್ರಿವೇಣಿ (1928–1963) ತಮ್ಮ ಕಾದಂಬರಿಗಳಲ್ಲಿ ಆ ಹೆಣ್ಣಿನ ಒಳಗಿನಿಂದ ಕಥೆ ಹೇಳಿದರು. ‘ಶರಪಂಜರ’ದ ಕಾವೇರಿಗೆ ಬಾಣಂತನದ ಹೊತ್ತಿಗೆ ಮನಸ್ಸಿನ ಕಾಯಿಲೆ ಬರುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಆಮೇಲೆ ನಿಜವಾದ ಭಯ ಶುರುವಾಗುತ್ತದೆ.

‘ಶರಪಂಜರ’ದಲ್ಲಿ ದೆವ್ವವಿಲ್ಲ. ಪುಟ್ಟಣ್ಣ ಕಣಗಾಲ್ ಅದನ್ನು ಚಿತ್ರ ಮಾಡಿ, ಕಲ್ಪನಾ ಕಾವೇರಿಯಾಗಿ ನಟಿಸಿದಾಗ ನೋಡಿದವರು ಇಂದಿಗೂ ಆ ಕಣ್ಣುಗಳನ್ನು ಮರೆತಿಲ್ಲ. ಅವಳು ಜೋರಾಗಿ ನಕ್ಕರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಸುಮ್ಮನಿದ್ದರೂ ನೋಡಿಕೊಳ್ಳುತ್ತಾರೆ. ಹುಚ್ಚಿ ಎಂಬ ಹೆಸರು ಮನೆಯ ಗೋಡೆಗಳಿಗೇ ಅಂಟಿಕೊಂಡಿದೆ. ಅವಳನ್ನು ಮತ್ತೆ ಕೆಡಹುವುದು ಕಾಯಿಲೆಯಲ್ಲ, ಗಂಡನ ನಡತೆ ಮತ್ತು ಸುತ್ತಲಿನ ಕಣ್ಣುಗಳು. ಕನ್ನಡದಲ್ಲಿ ಭಯದ ಕಥೆ ಮಸಣ ಬಿಟ್ಟು ನಡುಮನೆಗೆ ಬಂದದ್ದು ಇಲ್ಲಿ ಎನ್ನಬಹುದು. ಮುಂದೆ ಬಂದ ಯಾವ ಒಳ್ಳೆಯ ಚಿತ್ರವೂ ಈ ನಡುಮನೆಯನ್ನು ಬಿಟ್ಟು ಹೊರಗೆ ಹೋಗಲಿಲ್ಲ.

1979ರಲ್ಲಿ ಬಂದ ‘ನಾ ನಿನ್ನ ಬಿಡಲಾರೆ’ಯನ್ನೇ ನೋಡಿ. ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ್ದ ಈ ಚಿತ್ರ ಒಂದು ತಲೆಮಾರಿನ ಕನ್ನಡಿಗರ ನಿದ್ದೆ ಕೆಡಿಸಿತು. ಸಾಮಾನ್ಯವಾಗಿ ಹೆಣ್ಣಿನ ಮೈಮೇಲೆ ಬರುವ ದೆವ್ವ ಇಲ್ಲಿ ಗಂಡಿನ ಮೈಮೇಲೆ ಬಂತು. ಸಂಸಾರ ಉಳಿಸಿಕೊಳ್ಳಲು ಹೋರಾಡುವವಳು ಹೆಂಡತಿ. ಅವಳ ಭರವಸೆ ಮಂತ್ರಾಲಯದ ರಾಯರು. ಚಿತ್ರದಲ್ಲಿ ದೆವ್ವ ಎಷ್ಟು ಹೊತ್ತು ಇದೆಯೋ ಅದಕ್ಕಿಂತ ಹೆಚ್ಚು ಹೊತ್ತು ಒಂದು ದಾಂಪತ್ಯ ಇದೆ, ರಾಜನ್–ನಾಗೇಂದ್ರ ಅವರ ಇಂಪಾದ ಹಾಡುಗಳಿವೆ. ಕಳೆದುಕೊಳ್ಳಲು ಏನೋ ಇದೆ ಎಂದು ಮೊದಲು ಮನದಟ್ಟಾದ್ದರಿಂದಲೇ ಆಮೇಲಿನ ಭಯ ತಟ್ಟಿತು.

ಸಿಕಂದರಾಬಾದಿನ ವಾರಪತ್ರಿಕೆಯಿಂದ ಬಂದ ತುಳಸಿ

ಈಗ ನಮ್ಮ ಊರಿಗೆ ಬರೋಣ. 1956ರ ನವೆಂಬರ್ 1ರವರೆಗೆ ತೆಲಂಗಾಣ, ಮರಾಠವಾಡ ಮತ್ತು ಕನ್ನಡದ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಮೂರು ಭಾಷೆಯ ಈ ಸೀಮೆಗೆ ಅಡುಗೆ, ಉಡುಗೆ ಹೇಗೆ ಸಾಮಾನ್ಯವೋ ಹಾಗೆ ಒಂದು ಭಯವೂ ಸಾಮಾನ್ಯ. ಕನ್ನಡ, ಮರಾಠಿಯಲ್ಲಿ ಅದು ಭಾನಾಮತಿ, ತೆಲುಗಿನಲ್ಲಿ ಬಾಣಾಮತಿ. ಮನೆಯ ಮೇಲೆ ಕಲ್ಲು ಬೀಳುವುದು, ಮಡಚಿಟ್ಟ ಬಟ್ಟೆಗೆ ಬೆಂಕಿ ಹತ್ತುವುದು, ಅನ್ನದಲ್ಲಿ ಹೊಲಸು ಕಾಣುವುದು, ಹೆಂಗಸರು ನಾಯಿಯಂತೆ ಕೂಗುವುದು. ಇವೆಲ್ಲ ಯಾರೋ ಮಾಡಿಸಿದ ಮಾಟ ಎಂಬ ನಂಬಿಕೆ. ಬೀದರ್, ಕಲಬುರಗಿ ಕಡೆಯಿಂದ ಬಂದ ನಮ್ಮ ಅನೇಕ ಕುಟುಂಬಗಳ ಹಿರಿಯರಿಗೆ ಈ ಪದವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂಥ ನೆಲದಲ್ಲಿ ಎಂಬತ್ತರ ದಶಕದ ಹೊತ್ತಿಗೆ ಒಂದು ಕಾದಂಬರಿ ಕಾಣಿಸಿಕೊಂಡಿತು. ಲೆಕ್ಕಪರಿಶೋಧನೆ ಓದಿದ್ದ ಯಂಡಮೂರಿ ವೀರೇಂದ್ರನಾಥ್ ಬರೆದ ‘ತುಲಸಿದಳಂ’ ‘ಆಂಧ್ರಭೂಮಿ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ತೆಲುಗು ಓದುಗರನ್ನು ಹುಚ್ಚು ಹಿಡಿಸಿತು. ವಂಶಿ ಅವರ ಅನುವಾದದಲ್ಲಿ ‘ತುಳಸಿದಳ’ವಾಗಿ ಕನ್ನಡಕ್ಕೂ ಬಂತು. 1985ರಲ್ಲಿ ವೇಮಗಲ್ ಜಗನ್ನಾಥರಾವ್ ಅದನ್ನು ಕನ್ನಡ ಚಿತ್ರ ಮಾಡಿದರು. ಕಾಷ್ಮೋರಾ ಎಂಬ ಕ್ಷುದ್ರಪ್ರಯೋಗಕ್ಕೆ ಗುರಿಯಾಗುವ ತುಳಸಿ ಎಂಬ ಪುಟ್ಟ ಹುಡುಗಿಯ ಕಥೆ ಅದು.

ಅದು ಅಷ್ಟು ಗೆದ್ದದ್ದು ಹೇಗೆಂದು ಬಿಡಿಸಿ ನೋಡಿದರೆ ಈ ಬಗೆಯ ಬರವಣಿಗೆಯ ಕಸುಬು ಅರ್ಥವಾಗುತ್ತದೆ. ಮೊದಲನೆಯದು, ಕಥೆ ನಡೆಯುವುದು ಪಾಳುಬಂಗಲೆಯಲ್ಲಿ ಅಲ್ಲ. ಅಪ್ಪ, ಅಮ್ಮ, ಮುದ್ದಿನ ಮಗಳಿರುವ, ಡಾಕ್ಟರ್ ಬಂದು ಹೋಗುವ ಮನೆಯಲ್ಲಿ. ಎರಡನೆಯದು, ವಾರದ ಅಂತರ. ಮಗು ಉಸಿರಿಗೆ ಒದ್ದಾಡುತ್ತಿರುವಾಗ ಕಂತು ಮುಗಿದರೆ ಓದುಗಳು ಆ ಮಗುವನ್ನು ಏಳು ದಿನ ತನ್ನ ಮನೆಯಲ್ಲೇ ಇಟ್ಟುಕೊಳ್ಳಬೇಕು. ಅಡುಗೆ ಮಾಡುವಾಗ, ಸ್ವಂತ ಮಗುವಿನ ಹಣೆ ಮುಟ್ಟಿ ನೋಡುವಾಗ ಕಥೆ ತಾನಾಗಿ ಬೆಳೆಯುತ್ತದೆ. ಲೇಖಕ ಬರೆಯದ ಪುಟಗಳನ್ನು ಅವಳೇ ಬರೆದುಕೊಳ್ಳುತ್ತಾಳೆ. ಪುಟದ ಮೇಲಿನ ಭಯಕ್ಕೆ ಪರದೆಗಿಂತ ಇರುವ ದೊಡ್ಡ ಅನುಕೂಲ ಇದೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಾದಂಬರಿಯಲ್ಲಿ ಮಾಂತ್ರಿಕನಿದ್ದಾನೆ, ವೈದ್ಯರಿದ್ದಾರೆ, ಸಮ್ಮೋಹನ ತಜ್ಞನಿದ್ದಾನೆ. ಮಗುವಿಗೆ ಆಗುತ್ತಿರುವುದಕ್ಕೆ ಒಬ್ಬೊಬ್ಬರದು ಒಂದೊಂದು ವಿವರಣೆ. ಕೊನೆಯಲ್ಲಿ ಅವಳನ್ನು ಉಳಿಸಿದ್ದು ಯಾವುದು ಎಂಬ ತೀರ್ಮಾನವನ್ನು ಓದುಗರಿಗೇ ಬಿಟ್ಟಿದೆ. ನಂಬುವವರೂ ನಂಬದವರೂ ಒಂದೇ ಪುಸ್ತಕ ಹಿಡಿದು ಕೂರುವಂತೆ ಮಾಡಿದ್ದು ಈ ಸಂದೇಹವೇ.

ಆದರೂ ಆಕ್ಷೇಪ ಬಂತು. ತೆಲುಗಿನ ಹಿರಿಯ ಲೇಖಕಿ ರಂಗನಾಯಕಮ್ಮ ಇಂಥ ಬರವಣಿಗೆ ಓದುಗರಿಗೆ ಅಮಲು ಹಿಡಿಸುತ್ತದೆ ಎಂದು ಕಟುವಾಗಿ ಬರೆದರು. ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಪೇಟೆಯ ಓದುಗಳಿಗೆ ಕ್ಷುದ್ರಪ್ರಯೋಗ ರಾತ್ರಿಯ ರೋಮಾಂಚನ. ನೂರು ಕಿಲೋಮೀಟರ್ ಆಚೆಯ ಹಳ್ಳಿಯ ಒಂಟಿ ಮುದುಕಿಗೆ ಅದು ಪ್ರಾಣದ ಪ್ರಶ್ನೆ. ಬಾಣಾಮತಿ ಮಾಡಿದರೆಂಬ ಶಂಕೆಯಿಂದ ಹೊಡೆದ, ಕೊಂದ ಸುದ್ದಿಗಳು ತೆಲಂಗಾಣದ ಹಳ್ಳಿಗಳಿಂದ ಇಂದಿಗೂ ಬರುತ್ತಿವೆ. ಮಂತ್ರ ಉಚ್ಚರಿಸಲಾಗದಿರಲಿ ಎಂದು ಹಲ್ಲು ಕಿತ್ತ ಘಟನೆಗಳೂ ಇವೆ. ಕರ್ನಾಟಕ 2017ರಲ್ಲಿ ಮಾಟಮಂತ್ರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ ಕಾನೂನು ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಸಂದೇಹವನ್ನು ಉಳಿಸುವ ಕಥೆಗೂ ಅದನ್ನು ಮುಚ್ಚಿಬಿಡುವ ಕಥೆಗೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಹೈದರಾಬಾದಿನಲ್ಲಿ ವಿಡಿಯೊ ಅಂಗಡಿ ನಡೆಸಿ ಆಮೇಲೆ ನಿರ್ದೇಶಕರಾದ ರಾಮಗೋಪಾಲ್ ವರ್ಮ 1992ರಲ್ಲಿ ರೇವತಿ ಅಭಿನಯದ ‘ರಾತ್ರಿ’ ಮಾಡಿದರು. ಸಾಧಾರಣ ಮನೆ, ಒಂದು ಬೆಕ್ಕು, ಕಾಣದ ಯಾರೋ ನಡೆದು ಬರುತ್ತಿರುವಂತೆ ಚಲಿಸುವ ಕ್ಯಾಮೆರಾ. ಇಷ್ಟರಲ್ಲೇ ಬೆವರಿಳಿಸಿತು. ಅವರೇ 2008ರಲ್ಲಿ ನಮ್ಮ ಸುದೀಪ್ ಅವರನ್ನು ಹಿಂದಿಗೆ ಕರೆದೊಯ್ದು ‘ಫೂಂಕ್’ ಮಾಡಿದರು. ಮಾಟಕ್ಕೆ ಸಿಕ್ಕ ಮಗಳು, ದೇವರು ದೆವ್ವ ನಂಬದ ಅಪ್ಪ. ‘ತುಳಸಿದಳ’ದ ನೆನಪು ತರುವ ಕಥೆ. ಆದರೆ ಇಲ್ಲಿ ಕೊನೆಗೆ ಅಪ್ಪ ಮಾಂತ್ರಿಕನ ಮುಂದೆ ಸೋಲುತ್ತಾನೆ, ಮಾಟ ಮಾಡಿಸಿದವಳು ಒಬ್ಬ ಹೆಂಗಸು ಎಂದು ಸಾಬೀತಾಗುತ್ತದೆ. ಚಿತ್ರಮಂದಿರದಿಂದ ಹೊರಬರುವಾಗ ನಮ್ಮ ಕೈಯಲ್ಲಿ ಪ್ರಶ್ನೆಯಿಲ್ಲ, ಒಬ್ಬ ಅಪರಾಧಿಯಿದ್ದಾಳೆ. ಪರದೆಯ ಮೇಲೆ ಇದು ಎರಡು ಗಂಟೆಯ ಆಟ. ಹಳ್ಳಿಯಲ್ಲಿ ಇದೇ ತೀರ್ಪು ಪಕ್ಕದ ಮನೆಯವಳ ಮೇಲೆ ಬೀಳುತ್ತದೆ.

ನಾಗವಲ್ಲಿ ತೆಲುಗಿನಲ್ಲಿ ಏಕೆ ಹಾಡಿದಳು?

2004ರ ‘ಆಪ್ತಮಿತ್ರ’ವನ್ನು ಈ ಕಡೆಯಿಂದ ನೋಡಿದರೆ ಅದರ ಗೆಲುವು ಆಶ್ಚರ್ಯವಲ್ಲ. ಮಲಯಾಳಂನ ‘ಮಣಿಚಿತ್ರತ್ತಾಳ್’ (1993) ಅದರ ಮೂಲ. ಪಿ. ವಾಸು ನಿರ್ದೇಶನ, ದ್ವಾರಕೀಶ್ ನಿರ್ಮಾಣ, ವಿಷ್ಣುವರ್ಧನ್ ಮನೋವೈದ್ಯ. ಗಂಗಾಳಾಗಿ, ನಾಗವಲ್ಲಿಯಾಗಿ ಸೌಂದರ್ಯ. ಕೋಲಾರ ಜಿಲ್ಲೆಯ ಈ ಹುಡುಗಿ ತೆಲುಗು ಚಿತ್ರರಂಗದ ಕಣ್ಮಣಿಯಾಗಿದ್ದಳು. 2004ರ ಏಪ್ರಿಲ್ 17ರಂದು ಬೆಂಗಳೂರಿನ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡಳು. ಚಿತ್ರ ಬಿಡುಗಡೆಯಾದದ್ದು ಆಮೇಲೆ. ಇನ್ನಿಲ್ಲದ ನಟಿಯೊಬ್ಬಳು ಇನ್ನಿಲ್ಲದ ನರ್ತಕಿಯಾಗಿ ಕುಣಿಯುವುದನ್ನು ಎರಡು ರಾಜ್ಯದ ಪ್ರೇಕ್ಷಕರು ಕಣ್ಣೀರಿನೊಂದಿಗೆ ನೋಡಿದರು.

ಕಥೆ ಎಲ್ಲರಿಗೂ ಗೊತ್ತು. ಹಳೆಯ ಅರಮನೆಯಂಥ ಮನೆ, ತೆರೆಯಬಾರದ ಕೋಣೆ, ಅದನ್ನು ತೆರೆಯುವ ಸೊಸೆ. ದೆವ್ವ ಎಂದು ಮನೆಯವರು ಬೇರೆ ಹುಡುಗಿಯನ್ನು ಶಂಕಿಸುತ್ತಾರೆ. ವೈದ್ಯ ಮಾತ್ರ ನಿಜವನ್ನು ಹುಡುಕುತ್ತಾನೆ. ಗಂಡ ಹೊರಗೆ ಹೋಗುವುದು ಬೇಡ ಎಂದ ಕ್ಷಣ ಗಂಗಾಳ ಮುಖ ಬದಲಾಗುತ್ತದಲ್ಲ, ಅಲ್ಲಿ ಯಾವ ಗ್ರಾಫಿಕ್ಸೂ ಇಲ್ಲ. ಒಂದು ಮಂಚ, ಒಬ್ಬ ಹೆಂಗಸು, ಇಷ್ಟು ದಿನ ನುಂಗಿಕೊಂಡ ಸಿಟ್ಟು. ಬಹಳ ಹೆಣ್ಣುಮಕ್ಕಳು ಆ ದೃಶ್ಯದಲ್ಲಿ ಹೆದರಿದರು. ಜೊತೆಗೆ, ಒಳಗೊಳಗೇ, ಅವಳ ಪಕ್ಷ ವಹಿಸಿದರು.

ಹೈದರಾಬಾದಿನ ಕನ್ನಡಿಗರಾದ ನಾವು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಮಲಯಾಳಂ ಚಿತ್ರದಲ್ಲಿ ನಾಗವಲ್ಲಿ ತಮಿಳಿನವಳು. ಕನ್ನಡದಲ್ಲಿ ಅವಳು ತೆಲುಗು ಮಾತಾಡುತ್ತಾಳೆ, ತೆಲುಗಿನಲ್ಲೇ ಹಾಡಿ ಕುಣಿಯುತ್ತಾಳೆ. ಮರುವರ್ಷ ವಾಸು ಅವರೇ ತಮಿಳಿನಲ್ಲಿ ‘ಚಂದ್ರಮುಖಿ’ ಮಾಡಿದಾಗಲೂ ನರ್ತಕಿ ತೆಲುಗಿನವಳೇ. ಪ್ರತಿ ಭಾಷೆಯೂ ತನ್ನ ದೆವ್ವಕ್ಕೆ ಪಕ್ಕದ ಮನೆಯ ಭಾಷೆಯನ್ನು ಕೊಟ್ಟಿದೆ. ಪೂರ್ತಿ ಪರಕೀಯ ಭಾಷೆಯಾದರೆ ಭಯವಿಲ್ಲ, ಬರೀ ಗದ್ದಲ. ಪೂರ್ತಿ ನಮ್ಮದೇ ಆದರೂ ಭಯವಿಲ್ಲ. ಅರ್ಧ ಅರ್ಥವಾಗುವ, ದಿನವೂ ಕಿವಿಗೆ ಬೀಳುವ ಭಾಷೆ ನಮ್ಮ ಸೊಸೆಯ ಬಾಯಿಂದ ಇದ್ದಕ್ಕಿದ್ದಂತೆ ಬಂದರೆ ಬೆನ್ನಿನಲ್ಲಿ ಚಳಿ ಹುಟ್ಟುತ್ತದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು ಆಡುವ ನಮಗೆ ಈ ಹಾಡು ಬೇರೆಯವರಿಗಿಂತ ಹೆಚ್ಚು ಒಳಗೆ ಇಳಿಯುತ್ತದೆ.

ನಾಗವಲ್ಲಿ ಯಾರು? ರಾಜನೊಬ್ಬ ಬಲವಂತವಾಗಿ ತಂದಿಟ್ಟುಕೊಂಡ ನರ್ತಕಿ. ಪ್ರೀತಿಸಿದವನನ್ನು ಕೊಂದು ಅವಳನ್ನು ಸುಟ್ಟರು. ಚಿತ್ರದ ಕೊನೆಯಲ್ಲಿ ವೈದ್ಯನೂ ಆಚಾರ್ಯರೂ ಸೇರಿ ಅವಳ ಸೇಡು ತೀರಿತೆಂದು ಅವಳೇ ನಂಬುವಂತೆ ಏರ್ಪಾಡು ಮಾಡುತ್ತಾರೆ. ಬೆತ್ತದಿಂದ ಹೊಡೆದು ಓಡಿಸುವುದಿಲ್ಲ. ಅವಳ ದೂರನ್ನು ನಿಜವೆಂದು ಒಪ್ಪಿಕೊಳ್ಳುತ್ತಾರೆ, ಆಗ ಅವಳು ಹೋಗುತ್ತಾಳೆ. ‘ಶರಪಂಜರ’ದ ಕಾವೇರಿಗೆ ಸಿಗದದ್ದು ಗಂಗಾಳಿಗೆ ಸಿಕ್ಕಿತು: ಕೊನೆಯವರೆಗೂ ಕೈ ಬಿಡದ ಒಂದಿಷ್ಟು ಜನ.

ಓದು ಬಲ್ಲ ದೆವ್ವ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಕರ್ನಾಟಕದ ಊರುಗಳಲ್ಲೂ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಒಂದು ಹೆಣ್ಣುದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದರೆ ಮುಗಿಯಿತು. ಬರಹ ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದುತ್ತದೆ. ತೆಲುಗು ಊರುಗಳ ಗೋಡೆಗಳಲ್ಲಿ ಇದೇ ಮಾತು ‘ಓ ಸ್ತ್ರೀ ರೇಪು ರಾ’ ಎಂದು ಇತ್ತು. ಇದೇ ವದಂತಿಯ ಎಳೆ ಹಿಡಿದು 2018ರಲ್ಲಿ ಹಿಂದಿಯ ‘ಸ್ತ್ರೀ’ ಬಂತು. ಬರೆದ ರಾಜ್ ಮತ್ತು ಡಿಕೆ ಜೋಡಿ ನಮ್ಮ ನೆರೆಯ ಆಂಧ್ರದವರು.

ಯೋಚಿಸಿ ನೋಡಿ, ಎಂಥ ದೆವ್ವ ಇದು! ಓದು ಬರಹ ಬಲ್ಲದು, ಹೇಳಿದ ಮಾತಿಗೆ ಬೆಲೆ ಕೊಡುವಂಥದ್ದು, ಒಳಗಿನವರ ಒಪ್ಪಿಗೆಯಿಲ್ಲದೆ ಹೊಸ್ತಿಲು ದಾಟದ್ದು. ಇಷ್ಟು ಸಭ್ಯ ವ್ಯಕ್ತಿಗಳು ರಾತ್ರಿ ನಮ್ಮ ಬೀದಿಗಳಲ್ಲಿ ಓಡಾಡಿದ್ದರೆ ಹೆಣ್ಣುಮಕ್ಕಳಿಗೆ ಯಾವ ಭಯವೂ ಇರುತ್ತಿರಲಿಲ್ಲ. ಹಿಂದಿ ಚಿತ್ರ ಈ ತಮಾಷೆಯನ್ನು ಚೆನ್ನಾಗಿ ಹಿಡಿಯಿತು. ಅದರಲ್ಲಿ ಕತ್ತಲಾದ ಮೇಲೆ ಒಂಟಿಯಾಗಿ ಹೊರಹೋಗಲು ಹೆದರುವವರು ಗಂಡಸರು.

ಹೊಸ ಕಾಲದ ಕನ್ನಡ ಚಿತ್ರಗಳಲ್ಲಿ ಗೆದ್ದವೂ ಇದೇ ಹಾದಿಯವು. ತೊಂಬತ್ತರ ದಶಕದ ಆರಂಭದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಧಾರಾವಾಹಿ ದೂರದರ್ಶನದಲ್ಲಿ ಬಂದಾಗ ಅದರ ಶೀರ್ಷಿಕೆ ಗೀತೆಗೇ ಮಕ್ಕಳು ಹೊದಿಕೆ ಎಳೆದುಕೊಳ್ಳುತ್ತಿದ್ದರು. ಅನೂಪ್ ಭಂಡಾರಿ 2015ರ ‘ರಂಗಿತರಂಗ’ದಲ್ಲಿ ಆ ಹಾಡಿನ ನೆನಪನ್ನೇ ಮತ್ತೆ ಎಬ್ಬಿಸಿದರು. ಗರ್ಭಿಣಿಯರು ಕಾಣೆಯಾಗುವ ಊರು, ಭೂತದ ವದಂತಿ. ಮುಸುಕು ತೆಗೆದರೆ ಒಳಗಿರುವುದು ಮನುಷ್ಯನೇ. ಮರುವರ್ಷ ಪವನ್ ಕುಮಾರ್ ಅವರ ‘ಯು-ಟರ್ನ್’ ಬಂತು. ಬೆಂಗಳೂರಿನ ಮೇಲ್ಸೇತುವೆಯೊಂದರ ಮೇಲೆ ಅರ್ಧ ನಿಮಿಷ ಉಳಿಸಲು ವಿಭಜಕದ ಕಲ್ಲು ಸರಿಸಿ ತಿರುಗುವ ಸವಾರರು. ಹಾಗೆ ಸರಿಸಿಟ್ಟ ಕಲ್ಲಿನಿಂದ ಸತ್ತ ತಾಯಿ ಮತ್ತು ಮಗು. 2018ರಲ್ಲಿ ಸಮಂತಾ ಅಭಿನಯದಲ್ಲಿ ತೆಲುಗಿಗೂ ಹೋದ ಈ ಕಥೆ ಹೈದರಾಬಾದಿನ ಯಾವ ಮೇಲ್ಸೇತುವೆಗೂ ಹೊಂದುತ್ತದೆ. ಅದನ್ನು ನೋಡಿದವರು ಹೆದರುವುದು ದೆವ್ವ ಬರುತ್ತದೆಂದಲ್ಲ. ತಾವೂ ಎಂದಾದರೂ ಹಾಗೊಂದು ಕಲ್ಲು ಸರಿಸಿದ್ದೇವೆಯೇ ಎಂದು.

ಸೋಲುವ ಕಥೆಗಳು

ಬಿಳಿ ಸೀರೆ, ಬಿಚ್ಚಿದ ಕೂದಲು, ಕಿವಿ ಹರಿಯುವ ಸದ್ದು ಇಟ್ಟುಕೊಂಡ ಎಷ್ಟೋ ಚಿತ್ರಗಳು ಒಂದು ವಾರವೂ ನಿಲ್ಲಲಿಲ್ಲ. ಬೆಚ್ಚಿಬೀಳಿಸುವುದು 1 ಕ್ಷಣದ ಕೆಲಸ, ಪ್ರೆಷರ್ ಕುಕ್ಕರಿನ ಸೀಟಿಗೂ ಅದು ಸಾಧ್ಯ. ಹೆದರಿಸುವುದಕ್ಕೆ ಮೊದಲು ಪ್ರೀತಿ ಹುಟ್ಟಿಸಬೇಕು, ಆಮೇಲೆ ಕಾಯಿಸಬೇಕು, ತೋರಿಸುವುದಕ್ಕಿಂತ ಹೆಚ್ಚು ಕೇಳಿಸಬೇಕು. ಖಾಲಿ ಕೋಣೆಯಿಂದ ಬರುವ ಗೆಜ್ಜೆಯ ಸದ್ದು ಗೆಜ್ಜೆ ಕಟ್ಟಿದ ಕಾಲಿಗಿಂತ ಭಯಂಕರ. ದೆವ್ವದ ಮುಖ ಪೂರ್ತಿ ಬೆಳಕಿಗೆ ಬಂದರೆ ಅದು ಬಣ್ಣ ಬಳಿದುಕೊಂಡ ನಟಿಯ ಮುಖ, ಅಷ್ಟೇ.

ಇನ್ನೊಂದು ಬಗೆಯ ಸೋಲು ಇದಕ್ಕಿಂತ ಆಳದ್ದು. ಆ ಹೆಣ್ಣು ದೆವ್ವವಾದದ್ದು ಏಕೆಂದು ಕೇಳದೆ ಅವಳನ್ನು ಸುಟ್ಟು ಸುಖಾಂತ್ಯ ಮಾಡುವ ಕಥೆಗಳು. ಇವು ಹಣ ಮಾಡಬಹುದು, ಮನಸ್ಸಿನಲ್ಲಿ ಮನೆ ಮಾಡುವುದಿಲ್ಲ. ನಾವು ಹೆಣ್ಣುಮಕ್ಕಳು ಈ ಕಥೆಗಳ ದೊಡ್ಡ ಓದುಗರೂ ಪ್ರೇಕ್ಷಕರೂ ಹೌದು, ಮೊಮ್ಮಕ್ಕಳಿಗೆ ಹೇಳುವವರೂ ಹೌದು. ಯಾವ ಭಯವನ್ನು ಮುಂದಿನವರ ಕೈಗೆ ಕೊಡುತ್ತೇವೆ ಎಂಬುದು ನಮ್ಮ ಜವಾಬ್ದಾರಿ. ಮೋಹಿನಿಯ ಕಥೆ ಹೇಳೋಣ, ಬಾಗಿಲ ಬಳಿ ಗುಮ್ಮನನ್ನೂ ನಿಲ್ಲಿಸೋಣ. ಮಗು ‘ಆಮೇಲೆ?’ ಎಂದು ಕೇಳಿದಾಗ ಅವಳಿಗೆ ಏನಾಗಿತ್ತು ಎಂಬುದನ್ನೂ ಹೇಳೋಣ. ಮನೆಯಲ್ಲಿ, ನೆರೆಯಲ್ಲಿ ಯಾರಾದರೂ ಮಂಕಾಗಿದ್ದರೆ, ವಿಚಿತ್ರವಾಗಿ ವರ್ತಿಸಿದರೆ, ತಾಯತ ಹುಡುಕುವ ಮೊದಲು ಪಕ್ಕದಲ್ಲಿ ಕೂತು ಮಾತಾಡಿಸೋಣ, ವೈದ್ಯರ ಬಳಿ ಕರೆದೊಯ್ಯೋಣ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಒಂದು ಜನಪದ ಕಥೆ ಇದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರುಕಟ್ಟಿದ ಅವು ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದವು. ಕಥೆ ಬಾಗಿಲ ಬಳಿ ಒಂದು ಜೊತೆ ಚಪ್ಪಲಿಯಾಯಿತು, ಹಾಡು ಗೂಟದ ಮೇಲೆ ಗಂಡಸಿನ ಅಂಗಿಯಾಯಿತು. ಗಂಡ ಬಂದು ನೋಡಿದ, ಅನುಮಾನಪಟ್ಟ, ಸಂಸಾರದಲ್ಲಿ ಬೆಂಕಿ ಬಿತ್ತು. ಊರಿನ ದೀಪಗಳ ಜ್ವಾಲೆಗಳು ರಾತ್ರಿ ಗುಡಿಯಲ್ಲಿ ಸೇರಿ ಹರಟುವಾಗ ಗಂಡನಿಗೆ ನಿಜ ತಿಳಿಯುತ್ತದೆ. ಅವನು ಮನೆಗೆ ಹೋಗಿ ಹೆಂಡತಿಯನ್ನು ಆ ಕಥೆ, ಆ ಹಾಡು ಯಾವುದೆಂದು ಕೇಳುತ್ತಾನೆ. ಅಷ್ಟು ಹೊತ್ತಿಗೆ ಅವಳು ಎರಡನ್ನೂ ಮರೆತಿದ್ದಾಳೆ. ಕಾರ್ನಾಡರ ‘ನಾಗಮಂಡಲ’ದಲ್ಲಿ ಜ್ವಾಲೆಗಳು ಕಥೆ ಹೇಳಲು ಸೇರುವುದಕ್ಕೆ ಮೂಲ ಇದೇ.

ವಾಯುಭೂತಿಯ ಅತ್ತಿಗೆಯಿಂದ ನಾಗವಲ್ಲಿಯವರೆಗೆ ನಮ್ಮ ಭಾಷೆಯ ದೆವ್ವಗಳೆಲ್ಲ ಆ ಬಾಗಿಲ ಬಳಿಯ ಚಪ್ಪಲಿಗಳಂತೆಯೇ ಕಾಣುತ್ತವೆ. ಒಳಗೆ ಯಾರೋ ಹೇಳದೆ ಉಳಿಸಿಕೊಂಡ ಮಾತಿದೆ. ಕಥೆ ಚೆನ್ನಾಗಿದ್ದರೆ ನಾವು ಹೆದರುತ್ತೇವೆ. ಇನ್ನೂ ಚೆನ್ನಾಗಿದ್ದರೆ ಮರುದಿನ ಬೆಳಗ್ಗೆ ಪಕ್ಕದಲ್ಲಿ ಸುಮ್ಮನೆ ಕೂತಿರುವ ಅಕ್ಕನನ್ನೋ ಸೊಸೆಯನ್ನೋ ‘ಏನಾಯಿತು?’ ಎಂದು ಕೇಳುತ್ತೇವೆ, ಅವಳು ಮರೆಯುವ ಮೊದಲೇ.